ನನ್ನ ಬೆರಳಿನ ಮೇಲೆ ಬಂದ ಅಪವಾದ

ಮೊನ್ನೆ ಮಗಳ ಪೆನ್ಸಿಲ್ ಡಬ್ಬಿಯ ಮುಚ್ಚಳ ತೆಗೆದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಶಿಡ್ಲಘಟ್ಟದ ನಮ್ಮ ಟೈಪಿಂಗ್ ಮೇಡಂ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ಅವರಲ್ಲೇ ಟೈಪಿಂಗ್ ಕಲಿತು, ಅವರಲ್ಲೇ ಕೆಲಸಕ್ಕೆ ನಿಂತಿದ್ದೆ. ಮೂರು ಕಾರ್ಬನ್ ಪ್ರತಿಗಳಲ್ಲಿ ಕೊನೆಯದೂ ಸ್ಪಷ್ಟವಾಗಿ ಮೂಡಬೇಕು ಎಂದು ಕೀಲಿ ಕುಟ್ಟಿಸಿ ಕುಟ್ಟಿಸಿ ಕಲಿಸಿದವರು ಅವರೇ. ಅಷ್ಟರಲ್ಲಿ ಕಾಲ ಬದಲಾಯಿತು, ಮೇಡಂ ಧೈರ್ಯ ಮಾಡಿ ಒಂದು ಹಳೇ ಕಂಪ್ಯೂಟರ್ ತಂದರು. ಮೊದಲು ನನ್ನನ್ನೇ ಕೂರಿಸಿದರು. ನನಗೋ ಕಾಲು ನೆಲದ ಮೇಲಿರಲಿಲ್ಲ.

ಅದು ಮಾತ್ರ ನೆಟ್ಟಗೆ ನಡೆಯಲಿಲ್ಲ. ಅರ್ಧ ಪುಟ ಆಗುವಷ್ಟರಲ್ಲಿ ಪರದೆಯೆಲ್ಲ ನೀಲಿಯಾಗಿ ನಿಂತುಬಿಡುತ್ತಿತ್ತು. ಅಷ್ಟು ಹೊತ್ತು ಹೊಡೆದದ್ದೆಲ್ಲ ನೀರಲ್ಲಿ ಹೋಮ. ಮೇಡಂ ನನ್ನ ಕೈ ನೋಡಿದರು.

"ನಿನ್ನ ಬೆರಳು ಭಾರ ಕಣೇ. ಇದು ನಾಜೂಕು ಮಿಷನ್ನು. ರೇಷ್ಮೆ ಹುಳ ಎತ್ತೋ ಹಾಗೆ ಮುಟ್ಟಬೇಕು."

ಮೆತ್ತಗೆ ಮುಟ್ಟಿದೆ. ಆಗಲೂ ನೀಲಿ. ಕೊನೆಗೆ ನನ್ನನ್ನು ಮತ್ತೆ ಟೈಪ್‌ರೈಟರಿಗೆ ಕಳಿಸಿದರು. ಕಲಿಸಿದವರೇ ಹಾಗಂದರಲ್ಲ ಎಂದು ತುಂಬ ನೊಂದೆ. ಕೆಲಸ ಬಿಟ್ಟುಬಿಡೋಣ ಎಂದೂ ಅಂದುಕೊಂಡೆ.

ತಪ್ಪು ನನ್ನ ಬೆರಳಿನದೇನಾ ಎಂಬ ಅನುಮಾನ ಅವರನ್ನೂ ಬಿಟ್ಟಿರಲಿಲ್ಲ ಅಂತ ಕಾಣುತ್ತದೆ. ಒಂದು ಬೆಳಗ್ಗೆ ಕಂಪ್ಯೂಟರ್ ಹಾಕಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಅದರೆದುರು ಕೂತರು. ಯಾರೂ ಮುಟ್ಟಲಿಲ್ಲ. ಪರದೆ ತಾನಾಗಿಯೇ ನೀಲಿಯಾಯಿತು! ಕೂಡಲೇ ಎಸ್‌ಟಿಡಿ ಬೂತಿಗೆ ಹೋಗಿ, ಅದನ್ನು ಮಾರಿದವರನ್ನು ಫೋನಿನಲ್ಲಿ ವಿಚಾರಿಸಿ ಬಂದರು. ವೈರು ಕಿತ್ತು ಪೆಟ್ಟಿಗೆ ಬಿಚ್ಚಿದರು. ಒಳಗೆ ಬೆರಳುದ್ದದ ಎರಡು ಮೆಮೊರಿ ಪಟ್ಟಿಗಳಿದ್ದವು. ಒಂದನ್ನು ತೆಗೆದಿಟ್ಟು ನಡೆಸಿದರು, ಕಂಪ್ಯೂಟರ್ ತಣ್ಣಗೆ ನಡೆಯಿತು. ತೆಗೆದಿಟ್ಟದ್ದನ್ನೇ ಒಂಟಿಯಾಗಿ ಹಾಕಿದರು, ನೀಲಿ ಬಂತು. ಹಿತ್ತಲಾಚೆಯ ಮನೆಯಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದ ಹಬೆಗೋ ಏನೋ, ಆ ಪಟ್ಟಿಯ ಅಂಚಿನಲ್ಲಿ ಕರೆಂಟು ಹಾಯುವ ಹಿತ್ತಾಳೆ ಬಣ್ಣದ ಹಲ್ಲುಗಳು ಕಪ್ಪಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಉಜ್ಜಿ ಮತ್ತೆ ಕೂರಿಸಿದರು. ಸಂಜೆವರೆಗೂ ನೀಲಿ ಬರಲಿಲ್ಲ.

ಸಂಜೆಯ ಬ್ಯಾಚಿನವರೆಲ್ಲರ ಎದುರಿಗೆ ಬಂದು ನನ್ನ ಕೈ ಹಿಡಿದರು.

"ತಪ್ಪು ನಂದು ಕಣಮ್ಮ. ಇನ್ಮೇಲೆ ನಿಂಗೆ ಹೆಂಗೆ ಬರುತ್ತೋ ಹಂಗೇ ಹೊಡಿ."

ನಾನು ಅತ್ತುಬಿಟ್ಟೆ... ಶಿಷ್ಯೆಯ ಮುಂದೆ ತಪ್ಪು ಒಪ್ಪಿಕೊಂಡ ಗುರುವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಇವತ್ತಿಗೂ ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗಿ "ಮೇಡಂ, ಸ್ವಲ್ಪ ಮೆಲ್ಲಗೆ ಕುಟ್ಟಿ" ಅನ್ನುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೋದ ವರ್ಷ ನನ್ನ ಮೇಡಂ ತೀರಿಕೊಂಡ ಸುದ್ದಿ ಬಂದ ದಿನ ಮಾತ್ರ ಅವಳು ಏನೂ ಅನ್ನಬೇಕಾಗಲಿಲ್ಲ. ಆವತ್ತು ನನ್ನ ಬೆರಳು ಏಳಲೇ ಇಲ್ಲ.