ಸ್ವಂತ ಬಡಿಗೆ ಇಲ್ಲದವರ ಮತ

ಯಾದಗಿರಿಯ ನಮ್ಮ ಪಾದ್ರಿಗಳ ಶಾಲೆಯಲ್ಲಿ ಹಾಕಿ ತಂಡದ ಕಪ್ತಾನನನ್ನು ಮಾಸ್ತರರು ನೇಮಿಸುತ್ತಿರಲಿಲ್ಲ, ಆಟಗಾರರೇ ಆರಿಸುತ್ತಿದ್ದರು. ಹಂಗಾಮಿನ ಮೊದಲ ಪಂದ್ಯದ ಹಿಂದಿನ ದಿನ, ಸ್ಪರ್ಧೆಗೆ ನಿಂತ ಇಬ್ಬರು ಗೋಲಿನ ಎರಡು ಕಂಬಗಳ ಬಳಿ ನಿಲ್ಲುವರು. ಉಳಿದವರು ಒಬ್ಬೊಬ್ಬರಾಗಿ ಬಂದು ತಮಗೆ ಬೇಕಾದವನ ಕಾಲ ಬಳಿ ತಮ್ಮ ಹಾಕಿ ಬಡಿಗೆ ಇಡುವರು. ಹೆಚ್ಚು ಬಡಿಗೆ ಬಿದ್ದವನು ಕಪ್ತಾನ. ಶಿಫಾರಸು ಇಲ್ಲ, ಗುಟ್ಟಿಲ್ಲ. ಈ ಪದ್ಧತಿಯನ್ನು ಹಾಕಿಕೊಟ್ಟವರಾರೋ ತಿಳಿಯದು, ಆದರೆ ಅವರ ಬಗ್ಗೆ ನನಗೆ ಗೌರವವಿದೆ.

ಆದರೂ ಅದರೊಳಗೊಂದು ಅನ್ಯಾಯವಿತ್ತು. ಸ್ವಂತ ಬಡಿಗೆ ಇದ್ದವರಿಗೆ ಮಾತ್ರ ಮತ. ಶಾಲೆಯ ಬಡಿಗೆ ಹಿಡಿದು ಆಡುವವರು ಗೆರೆಯಾಚೆ ನಿಂತು ನೋಡಬೇಕು. ನಾನು ಶಾಲೆಯ ಬಡಿಗೆಯವನು. ನಮ್ಮವರು ಶಹಾಪುರದ ಕಡೆ ಕುರಿ ಸಾಕಿ ಬದುಕಿದವರು. ನಮ್ಮ ಮನೆಯಲ್ಲಿದ್ದ ಬಡಿಗೆ ಬೇರೆ ಕೆಲಸದ್ದು. ಶಾಲೆ ಜಾತಿ ಕೇಳದೆ ನನ್ನನ್ನು ಸೇರಿಸಿಕೊಂಡಿತು ಎಂಬುದನ್ನು ಮರೆಯಲಾರೆ. ಹಾಗೆ ಸೇರಿಸಿಕೊಂಡ ಅದೇ ಶಾಲೆ, ಊರ ಹೊರಗಿನ ಕೇರಿಯ ಹುಡುಗರಿಗೆ ನೀರಿನ ಕೊಡ ಬೇರೆ ಇಟ್ಟಿದ್ದನ್ನು ಕಂಡೂ ಸುಮ್ಮನಿತ್ತು. ಎರಡನ್ನೂ ಹೇಳಬೇಕು.

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿಹೋಗಿ, ಮೊದಲ ಚುನಾವಣೆ ಮುಗಿದಿದ್ದ ಕಾಲ. ಆ ವರ್ಷ ಒಂದು ಕಂಬದ ಬಳಿ ನಿಂತವನು ಅಡತಿ ವ್ಯಾಪಾರಿಯ ಮಗ, ಚುರುಕಾದ ಫಾರ್ವರ್ಡ್. ಇನ್ನೊಂದು ಕಂಬದ ಬಳಿ ನನ್ನ ಗೆಳೆಯ, ಟಾಂಗಾ ಹೊಡೆಯುವ ಮುಸಲ್ಮಾನನ ಮಗ, ತಂಡದ ಸೆಂಟರ್ ಹಾಫ್. ನಿಜಾಮನ ಪರ ನಿಂತ ರಜಾಕಾರರು ಹಳ್ಳಿಗಳಲ್ಲಿ ನಡೆಸಿದ್ದು ಕ್ರೌರ್ಯ. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ನಿರಪರಾಧಿ ಮುಸಲ್ಮಾನರ ಮನೆಗಳ ಮೇಲೆ ನಡೆದದ್ದೂ ಕ್ರೌರ್ಯವೇ. ಆ ದಿನಗಳಲ್ಲಿ ಮನೆಯಿಂದ ಎಳೆದೊಯ್ದ ಗೆಳೆಯನ ದೊಡ್ಡಪ್ಪ ಮರಳಿ ಬರಲಿಲ್ಲ. ಗೆಳೆಯನ ಕೈಯಲ್ಲಿದ್ದದ್ದು ಆ ದೊಡ್ಡಪ್ಪ ಆಡುತ್ತಿದ್ದ ಬಡಿಗೆ.

ಸ್ವಂತ ಬಡಿಗೆಯವರಲ್ಲೊಬ್ಬ ಎಲ್ಲರಿಗೂ ಕೇಳುವಂತೆ ಅಂದ: “ಈ ಸಲ ಅವರವ ಬ್ಯಾಡಪಾ. ಇನ್ನೂ ನಿಜಾಮನ ರಾಜ್ಯ ಐತಿ ಅಂತ ತಿಳ್ಕೊಂಡಾನೇನು?”

“ನಿಜಾಮ ನಮ್ಮಪ್ಪಗ ಕುದುರಿ ಲಾಳಾನೂ ಕೊಟ್ಟಿಲ್ಲಲೇ,” ಎಂದ ನನ್ನ ಗೆಳೆಯ. ಎಲ್ಲರೂ ನಕ್ಕರು. ಆದರೆ ಅವನು ಬಡಿಗೆ ಹಿಡಿದಿದ್ದ ರೀತಿಯಲ್ಲಿ ನಗುವಿರಲಿಲ್ಲ. ತಂಡದಲ್ಲಿ ಯಾರು ಎಲ್ಲಿ ನಿಂತರೆ ಗೆಲ್ಲಬಹುದೆಂದು ಅವನಷ್ಟು ಬಲ್ಲವರಿರಲಿಲ್ಲ. ಸ್ವಂತ ಬಡಿಗೆಯವರಷ್ಟೇ ಮತ ಹಾಕಿದರೆ ಅವನ ಸೋಲು ಖಚಿತವಾಗಿತ್ತು.

ಆಟದ ಉಸ್ತುವಾರಿಯ ಫಾದರ್ ಕರಾವಳಿಯಿಂದ ಬಂದವರು. ನಾನು ಗೆರೆ ದಾಟಿ ಅವರೆದುರು ನಿಂತೆ.

“ಫಾದರ್, ನಮ್ಮವ್ವ ಓಟು ಹಾಕಿ ಬಂದಾಳ್ರಿ. ಹೊಲ ಎಷ್ಟೈತಿ, ಕುರಿ ಎಷ್ಟವ ಅಂತ ಅಲ್ಲಿ ಯಾರೂ ಕೇಳಲಿಲ್ಲರಿ. ಇಲ್ಲಿ ಬಡಿಗಿ ಯಾಕ ಕೇಳತೀರಿ?”

“ಇದು ಚುನಾವಣೆಯಲ್ಲ ಮಗನೇ, ಸಂಪ್ರದಾಯ,” ಎಂದರು ಫಾದರ್.

“ಕುರಿ ಬಿಟ್ಟು ಬಂದಾನ, ಈಗ ಲೀಡರ್ ಆಗ್ಯಾನ,” ಎಂದು ವ್ಯಾಪಾರಿಯ ಮಗ ಅಣಕಿಸಿದ.

ನಾನು ಉತ್ತರಿಸುವ ಮೊದಲೇ, ನನ್ನಂತೆ ಶಾಲೆಯ ಬಡಿಗೆ ಹಿಡಿದಿದ್ದ ನಮ್ಮ ಗೋಲ್‌ಕೀಪರ್ ಮುಂದೆ ಬಂದು ಅದನ್ನು ಫಾದರ್ ಅವರ ಪಾದದ ಬಳಿ ಇಟ್ಟ. “ಹಂಗಾರ ನಿಮ್ಮ ಬಡಿಗಿ ನಿಮಗ ಇರಲಿರಿ. ನಾಳಿ ಕಲಬುರ್ಗಿಯವರ ಮುಂದ ಬಡಿಗಿ ಇದ್ದವರಷ್ಟ ಆಡಲಿ.” ನಾನೂ ಇಟ್ಟೆ. ಶಾಲೆಯ ಬಡಿಗೆಯವರೆಲ್ಲ ಇಟ್ಟರು.

ಫಾದರ್ ಆ ರಾಶಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. “ಎತ್ತಿಕೊಳ್ಳಿ,” ಎಂದರು. “ನಾನು ಸ್ಪರ್ಧಿಯಲ್ಲ. ಯಾರ ಮುಂದೆ ಇಡಬೇಕೋ ಅಲ್ಲಿ ಇಡಿ.”

ಹೀಗೆ ಆ ಶಾಲೆಯಲ್ಲಿ ಬಡಿಗೆಯಿಲ್ಲದವರಿಗೆ ಮತ ಬಂತು. ಆದರೆ ಅದೇ ಗೋಲ್‌ಕೀಪರ್ ನೇರ ಹೋಗಿ ವ್ಯಾಪಾರಿಯ ಮಗನ ಮುಂದೆ ಬಡಿಗೆ ಇಟ್ಟುಬಿಟ್ಟ. ಅವನ ಅಪ್ಪ ಆ ವ್ಯಾಪಾರಿಯ ಅಂಗಡಿಯಲ್ಲಿ ಹಮಾಲ. ಅನ್ನ ಕೊಡುವವರ ಮಗನನ್ನು ಎಲ್ಲರ ಕಣ್ಣೆದುರು ಹೇಗೆ ಎದುರು ಹಾಕಿಕೊಂಡಾನು? ಗುಟ್ಟಿಲ್ಲವೆಂದು ನಾನು ಹೆಮ್ಮೆಪಟ್ಟ ಪದ್ಧತಿಯ ಎರಡನೆಯ ಅನ್ಯಾಯ ಅಂದು ನನಗೆ ಕಂಡಿತು. ಮತ ಸಿಕ್ಕರೆ ಸಾಲದು, ಅದನ್ನು ಹಾಕುವಾಗ ಯಾರೂ ನೋಡುತ್ತಿರಬಾರದು.

ಎರಡೂ ರಾಶಿಗಳು ಸಮನಾದವು. ಬಡಿಗೆ ಇಡದೆ ಉಳಿದವನೊಬ್ಬನೇ, ಸ್ವಂತ ಬಡಿಗೆಯ ಲೆಫ್ಟ್ ವಿಂಗ್, ಸುರಪುರದಿಂದ ಬಂದು ಬೋರ್ಡಿಂಗ್‌ನಲ್ಲಿದ್ದ ವಕೀಲರ ಮಗ. ಅವನು ಯಾರ ಮುಖವನ್ನೂ ನೋಡದೆ ತನ್ನ ಹೊಸ ಬಡಿಗೆಯನ್ನು ನನ್ನ ಗೆಳೆಯನ ಮುಂದೆ ಇಟ್ಟ.

“ನೀನೂ ಹಂಗ ಮಾಡತಿಯಲೇ?” ಎಂದು ವ್ಯಾಪಾರಿಯ ಮಗ ಕೇಳಿದ.

“ಇವ ನನಗ ಚೆಂಡ ಕೊಡತಾನ,” ಎಂದ ಅವನು. “ನೀ ಕೊಡಂಗಿಲ್ಲ. ಅಷ್ಟ.”

ಬಡಿಗೆಗಳನ್ನು ಅವರವರಿಗೆ ಹಿಂತಿರುಗಿಸುವುದು ಹೊಸ ಕಪ್ತಾನನ ಮೊದಲ ಕೆಲಸ. ಗೆಳೆಯ ಎರಡೂ ರಾಶಿಗಳಿಂದ ಎತ್ತಿ ಎತ್ತಿ ಕೊಟ್ಟ. ಗೋಲ್‌ಕೀಪರ್ ಹಿಂದೆಲ್ಲೋ ತಲೆ ತಗ್ಗಿಸಿ ನಿಂತಿದ್ದ. ಗೆಳೆಯ ಅಲ್ಲಿಗೇ ನಡೆದು ಹೋಗಿ ಅವನ ಕೈಗೆ ಬಡಿಗೆ ಇಟ್ಟ.

“ಇವತ್ತ ಆ ಕಡಿ ಹೋದಿ, ಆತು ಬಿಡು. ನಾಳಿ ಚೆಂಡ ಬಂದಾಗ ಮಾತ್ರ ಕಲಬುರ್ಗಿಯವರ ಕಡಿ ಆಗಬ್ಯಾಡ ಮತ್ತ.”