ಮೇಲೆತ್ತಿದ ಕಂಬಿ

ತೊಂಬತ್ತರ ದಶಕದ ಕೊನೆಯಲ್ಲಿ, ಗೂಡಲೂರಿನ ನಮ್ಮ ಮನೆಗೆ ಒಂದು ದೊಡ್ಡ ಫ್ರಿಜ್ ಬಂತು. ಎಸ್ಟೇಟ್ ಬಿಟ್ಟು ಹೊರಟ ಮ್ಯಾನೇಜರೊಬ್ಬರ ಮನೆಯದು. ನೀರಿನ ಕೊಳವೆ ಜೋಡಿಸಿದರೆ ತಾನೇ ಐಸ್ ಮಾಡಿ ಕೆಳಗಿನ ಡಬ್ಬಿಗೆ ಉದುರಿಸುತ್ತಿತ್ತು. ನನ್ನ ಜೊತೆಗಿದ್ದ ತಂಗಿಗೆ ಕಿಡ್ನಿಯ ಕಾಯಿಲೆ. ಡಾಕ್ಟರು ಕುಡಿಯುವ ನೀರಿಗೆ ಅಳತೆ ಹಾಕಿದ್ದರು. ಬಾಯಾರಿದಾಗ ಚೀಪಲು ದಿನಕ್ಕೆ ಆರು ತುಂಡು ಐಸ್. ಆರನೆಯದನ್ನು ಕೊಟ್ಟು "ಸಾಕು" ಎನ್ನುವುದು ನನ್ನ ಕೆಲಸ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವಳಿಗೆ ಅದೇನೂ ಕಷ್ಟವಾಗಿರಲಿಲ್ಲ.

ಪ್ರತಿ ಶನಿವಾರ ಹಳೆಯ ಐಸ್ ಚೆಲ್ಲಿ ಫ್ರಿಜ್ ಒರೆಸುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಹೊಸ ಐಸ್ ಬಿದ್ದಿರುತ್ತಿತ್ತು. ಆ ಭಾನುವಾರ ಡಬ್ಬಿ ಖಾಲಿ.

"ಎಲ್ಲಾ ತಿಂದ್ಯಾ?"

"ನಾನು ಮುಟ್ಟೇ ಇಲ್ಲ ಅಕ್ಕಾ."

"ಮತ್ತೆ ಆನೆ ಬಂದು ತಿಂತಾ?"

ಸೋಮವಾರವೂ ಖಾಲಿ. ಪ್ಲಗ್ ನೋಡಿದೆ, ಹಿಂದಿನ ನಲ್ಲಿ ತಿರುಗಿಸಿದೆ, ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಬೆರಳಾಡಿಸಿದೆ. ಎಲ್ಲವೂ ಸರಿಯಾಗಿತ್ತು. ಹಾಗಾದರೆ ಕದಿಯುವಾಗ ಇವಳೇ ಒಳಗೆ ಏನೋ ಕೆಡಿಸಿದ್ದಾಳೆ ಎಂದು ತೀರ್ಮಾನಿಸಿದೆ.

ಒಂದು ಸ್ಟೀಲ್ ಬಟ್ಟಲಲ್ಲಿ ನೀರು ಹಾಕಿ ಫ್ರೀಜರಿನಲ್ಲಿಟ್ಟಿದ್ದರೆ ಐಸ್ ಆಗುತ್ತಿತ್ತು. ಇಡಲಿಲ್ಲ. ಹಾಸ್ಟೆಲಿನಲ್ಲಿ ಏನಾದರೂ ಕಳೆದರೆ, ತಪ್ಪು ಮಾಡಿದವಳು ಮುಂದೆ ಬರುವ ತನಕ ಯಾರಿಗೂ ಊಟವಿಲ್ಲ. ಅದೇ ನನಗೆ ಗೊತ್ತಿದ್ದ ದಾರಿ. ತಂಗಿಯ ಪಾಲಿನ ನೀರು ಬೆಳಿಗ್ಗೆಯೇ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲುತ್ತಿತ್ತು.

"ಸರಿ ಅಕ್ಕಾ, ನಾನೇ ತಿಂದೆ. ನಾನೇ ಕೆಡಿಸ್ದೆ. ಈಗ ಒಂದು ಚೂರು ಕೊಡು."

ಆಗ ಬಟ್ಟಲು ಇಟ್ಟೆ. ನನಗೆ ಸಮಾಧಾನವೂ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಂಗಳವಾರ ಪೇಟೆಯಿಂದ ಮೆಕ್ಯಾನಿಕ್ ಬಂದ. ಬಾಗಿಲು ತೆಗೆದು ಒಳಗೆ ಇಣುಕಿದವನು ಚೀಲವನ್ನೇ ಬಿಚ್ಚಲಿಲ್ಲ.

"ಮಿಷಿನ್ ಕೆಟ್ಟಿಲ್ಲಮ್ಮಾ. ಐಸ್ ಡಬ್ಬಿ ಮೇಲೆ ಜೋತಾಡೋ ಈ ಕಂಬೀನ ಯಾರೋ ಮೇಲೆ ಎತ್ತಿ ಇಟ್ಟಿದಾರೆ. ಡಬ್ಬಿ ತುಂಬಿದ್ರೆ ಐಸೇ ಇದನ್ನ ಎತ್ತುತ್ತೆ. ಕಂಬಿ ಮೇಲಿದ್ರೆ ಮಿಷಿನ್‌ಗೆ ಸಾಕು ಅಂತ ಅರ್ಥ."

ಮೊನ್ನೆ ಶನಿವಾರ ಫ್ರಿಜ್ ಒರೆಸುವಾಗ ಆ ಕಂಬಿ ಬಟ್ಟೆಗೆ ಅಡ್ಡ ಬಂದಿತ್ತು. ಜೋತುಬಿದ್ದದ್ದು ನೋಡಲೂ ಚೆನ್ನಾಗಿರಲಿಲ್ಲ. ನಾನೇ ಎತ್ತಿ, ಟಕ್ ಎಂದು ಕೂರಿಸಿ, ಒಪ್ಪವಾಯಿತು ಎಂದುಕೊಂಡಿದ್ದೆ.

ಒಳಗಿನ ಮಂಚದಿಂದ ತಂಗಿ ಕೂಗಿದಳು, "ಯಾರಂತೆ ಅಕ್ಕಾ?"

"ನಾನೇ ಕಣೇ."

"ಅಬ್ಬಾ! ಎಷ್ಟು ಬೇಗ ಒಪ್ಕೊಂಡ್ಬಿಟ್ಟೆ!"

ಒಡೆದ ತುಟಿಯಲ್ಲೇ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹಾಸ್ಟೆಲಿನ ವರಾಂಡದಲ್ಲಿ ಸಾಲಾಗಿ ನಿಂತು, ಕೊನೆಗೆ ಒಂದು ಹೆಜ್ಜೆ ಮುಂದೆ ಬಂದು "ನಾನೇ ಮಿಸ್" ಎಂದ ಹುಡುಗಿಯರು ಒಬ್ಬೊಬ್ಬರಾಗಿ ನೆನಪಾದರು. ಅವರಲ್ಲಿ ಎಷ್ಟು ಮಂದಿ ತಪ್ಪು ಮಾಡಿದ್ದರೋ, ಎಷ್ಟು ಮಂದಿಗೆ ಬರೀ ಹಸಿವಾಗಿತ್ತೋ.