ಅತ್ತೆಯ ಹುಬ್ಬು, ಮಗಳ ಕಿವಿ

ಕಿವಿ ಕೇಳದ ನನ್ನ ಮಗಳಿಗೆ ಆಪರೇಷನ್ ಆಗಿ ಕಿವಿಯ ಹಿಂದೆ ಮಷಿನ್ ಬಂದ ಮೇಲೆ, ಕೇಳಿಸಿಕೊಳ್ಳುವುದನ್ನು ಕಲಿಸುವ ಪಾಠ ಶುರುವಾಯಿತು. ಕಲಿಸುವ ಮೇಡಂ ಬೆಂಗಳೂರಿನಲ್ಲಿ, ನಾವು ಮಸ್ಕಿಯಲ್ಲಿ. ಹಾಗಾಗಿ ಮೊಬೈಲಿನಲ್ಲೇ ಪಾಠ. ಮೊಬೈಲನ್ನು ಬೇಳೆ ಡಬ್ಬಿಗೆ ಆನಿಸಿ, ಎದುರಿಗೆ ಮಗಳನ್ನು ಕೂರಿಸಿಕೊಂಡು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಮೇಡಂಗೆ ಕಾಣದಂತೆ, ಡಬ್ಬಿಯ ಹಿಂದೆ, ನಮ್ಮತ್ತೆ ಮೊಮ್ಮಗಳ ಕಡೆಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದರು.

ಪಾಠ ಸರಳ. ಸಿಂಧನೂರಿನಿಂದ ತಂದ ಪ್ಲಾಸ್ಟಿಕ್ ಬಳೆಗಳಲ್ಲಿ ಒಂದನ್ನು ಮಗಳು ಕೆನ್ನೆಗೆ ಹಿಡಿದು ಕಾಯಬೇಕು. ಮೇಡಂ ಮರೆಯಲ್ಲಿ ಪುಟ್ಟ ಡೋಲು ಬಾರಿಸುತ್ತಾರೆ. ಸದ್ದು ಕೇಳಿದರೆ ಬಳೆ ಬುಟ್ಟಿಗೆ ಹಾಕಬೇಕು. ಕೆಲವೇ ದಿನಗಳಲ್ಲಿ ಮಗಳು ಒಂದೂ ತಪ್ಪದೆ ಹಾಕತೊಡಗಿದಳು. ನಾನು ಲಿಂಗಸುಗೂರಿನ ತವರಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ.

ಒಂದು ದಿನ ಪಾಠ ಮುಗಿಸಿ ಮಷಿನ್ ತೆಗೆದರೆ ಅದರಲ್ಲಿ ಬ್ಯಾಟರಿಯೇ ಇಲ್ಲ! ಅದು ಚಾರ್ಜರಿನಲ್ಲಿ ಹಾಯಾಗಿ ಕೂತಿತ್ತು. ಬಳೆಗಳೆಲ್ಲ ಮಾತ್ರ ಬುಟ್ಟಿಯಲ್ಲಿದ್ದವು. ನಾನು ಅತ್ತೆಯ ಮುಖ ನೋಡಿದೆ. ಡೋಲು ಕೇಳಿದಾಗಲೆಲ್ಲ ಅವರು ಮೊಮ್ಮಗಳಿಗೆ ಹುಬ್ಬು ಹಾರಿಸುತ್ತಿದ್ದರಂತೆ.

"ಕೂಸು ಫೇಲ್ ಆಗಬಾರ್ದಂತ ಜರಾ ಮದತ್ ಮಾಡೀನಿ. ಅದ್ರಾಗೇನ್ ತಪ್ಪೈತಿ ಯವ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. "ಅತ್ತೀ, ಪಾಸು-ಫೇಲು ಯಾರಿಗ್ ಬೇಕ್ರೀ! ಅಕಿಗೆ ಖರೇನ ಕೇಳ್ತೈತೋ ಇಲ್ಲೋ, ಅಷ್ಟ ಗೊತ್ತಾಗಬೇಕ್ರೀ ನನಗ!"

ವಿಷಯ ತಿಳಿದ ಮೇಡಂ ನಕ್ಕು, "ನಾಳೆಯಿಂದ ಅಜ್ಜಿ ಈ ಕೋಣೆಯಲ್ಲಿ ಬೇಡ" ಎಂದರು. ಅತ್ತೆ ಮುಖ ಊದಿಸಿಕೊಂಡು ಅಡುಗೆಮನೆ ಸೇರಿದರು.

ಮರುದಿನ ಬ್ಯಾಟರಿ ಇತ್ತು, ಡೋಲೂ ಇತ್ತು. ಮಗಳು ಬಳೆ ಹಿಡಿದು, ಡಬ್ಬಿಯ ಹಿಂದಿನ ಖಾಲಿ ಜಾಗ ನೋಡುತ್ತಾ ಸುಮ್ಮನೆ ಕೂತಳು. ಅದರ ಮರುದಿನವೂ ಅಷ್ಟೇ. ಆಪರೇಷನ್ನೇ ದಂಡವಾಯಿತೇನೋ ಎಂದು ಹೆದರಿ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದೆ.

ಆ ವಾರದ ಕೊನೆಗೆ, ಮೇಡಂ ಡೋಲು ಮುಟ್ಟುವ ಮೊದಲೇ ಮಗಳು ಬುಟ್ಟಿಗೆ ಬಳೆ ಹಾಕಿದಳು. ತುಸು ಹೊತ್ತು ಬಿಟ್ಟು ಇನ್ನೊಂದು ಹಾಕಿದಳು.

"ನಾನಿನ್ನೂ ಬಾರಿಸಿಯೇ ಇಲ್ಲ," ಮೇಡಂ ಹುಬ್ಬು ಗಂಟಿಕ್ಕಿದರು. "ಅಜ್ಜಿ ಮತ್ತೆ ಬಂದು ಕೂತಿದ್ದಾರಾ?"

ಡಬ್ಬಿಯ ಹಿಂದೆ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನನ್ನ ಮೇಲಿನ ಸಿಟ್ಟೆಲ್ಲ ರೊಟ್ಟಿಯ ಮೇಲೆ ಬೀಳುತ್ತಿದ್ದುದರಿಂದ ಸದ್ದು ತುಸು ಜೋರಾಗಿಯೇ ಇತ್ತು. ಅದು ಫೋನಿನಲ್ಲಿ ಮೇಡಂವರೆಗೆ ಹೋಗುತ್ತಿರಲಿಲ್ಲ, ಅಷ್ಟೇ. ರೊಟ್ಟಿ ಹಂಚಿಗೆ ಬಿತ್ತು. ಸದ್ದು ನಿಂತಿತು. ಮಗಳು ಹೊಸ ಬಳೆಯನ್ನು ಕೆನ್ನೆಗೆ ಹಿಡಿದು ಕಾದಳು. ಮುಂದಿನ ರೊಟ್ಟಿಯ ಮೇಲೆ ಅತ್ತೆಯ ಕೈ ಬಿತ್ತು; ಬಳೆ ಬುಟ್ಟಿಗೆ ಬಿತ್ತು.

ನಾನು ಫೋನ್ ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಫೋನಿನಲ್ಲಿ ಮೇಡಂ ಕಂಡಿದ್ದೇ ತಡ, ಅತ್ತೆ ಹಿಟ್ಟಿನ ಕೈಗಳೆರಡನ್ನೂ ಮೇಲೆತ್ತಿದರು.

"ನಾ ಏನೂ ಹೇಳಿಕೊಟ್ಟಿಲ್ರೀ ಮೇಡಂ! ಗ್ವಾಡಿ ಕಡೆ ಮಾರಿ ಮಾಡಿ ರೊಟ್ಟಿ ಬಡ್ಯಾಕತ್ತೀನಿ!"

"ಈ ರೊಟ್ಟಿ ಸದ್ದಿಗೇ ಹಾಕ್ಯಾಳ್ರೀ ಮೇಡಂ!" ಎಂದೆ ನಾನು. "ನಿಲ್ಲಿಸಬೇಡಿ ಅಜ್ಜಿ," ಎಂದರು ಮೇಡಂ, "ಬಡೀತಾ ಇರಿ."

ಅವತ್ತು ಅತ್ತೆ ಹಿಟ್ಟು ಮುಗಿಯುವವರೆಗೂ ಬಡಿದರು. ನಾನು ಹೊಸ್ತಿಲ ಮೇಲೆ ಕೂತು, ಅಳುತ್ತಾ ನಗುತ್ತಾ, ಒಂದು ಕಡೆ ರೊಟ್ಟಿಯ ಸದ್ದನ್ನೂ ಇನ್ನೊಂದು ಕಡೆ ಬಳೆಯ ಸದ್ದನ್ನೂ ಕೇಳಿದೆ.